ಟ್ಯಾಂಕರ್ ಬೆನ್ನಿನ ‘ಬಾ’

“ಅರ್ಥ ಇಲ್ಲ ಅಕ್ಕ. ಏನ್ ಮಾಡಿದ್ರೂ ವೇಸ್ಟು.”

ಗಂಡನನ್ನು ಕಳೆದುಕೊಂಡವಳಿಗೆ ಇಂಥ ಮಾತು ಹೊಸದಲ್ಲ. ಮದುವೆಮನೆಯ ಊಟದ ಸಾಲಿನಲ್ಲೂ ಯಾರಾದರೂ ಕಿವಿಯಲ್ಲಿ ಹೇಳಿ ಹೋಗುತ್ತಾರೆ. ಆದರೆ ಲಗ್ಗೆರೆಯ ಆಟೊ ಎಲೆಕ್ಟ್ರಿಷಿಯನ್ ಒಬ್ಬ ಟ್ರೈಲರ್ ಕೆಳಗೆ ಮಲಗಿ, ಕಾಲೆರಡು ಮಾತ್ರ ಹೊರಗೆ ಚಾಚಿಕೊಂಡು, ನನ್ನ ಬದುಕಿನ ಬಗ್ಗೆ ತೀರ್ಪು ಕೊಡುವುದೆಂದರೆ?

ನಮ್ಮ ಯಜಮಾನರು ಹೋದ ಮೇಲೆ ಅವರ ನೀರಿನ ಬಿಸಿನೆಸ್ಸು ನನ್ನ ತಲೆಗೆ ಬಿದ್ದಿದೆ ಎಂದು ಈ ಅಂಕಣದಲ್ಲೇ ಹಿಂದೊಮ್ಮೆ ಬರೆದಿದ್ದೆ. ಒಂದು ಟ್ರ್ಯಾಕ್ಟರು, ಅದು ಎಳೆಯುವ ಟ್ಯಾಂಕರ್ ಟ್ರೈಲರು, ಓಡಿಸಲು ಯಾದಗಿರಿ ಕಡೆಯ ಬಸಪ್ಪ. “ಮಾರ್ಬಿಡಿ ಅತ್ತಿಗೆ, ನಿಮಗ್ಯಾಕೆ ಈ ಗ್ರೀಸು, ಆಯಿಲ್ಲು?” ಎನ್ನುವುದು ಮೈದುನನ ನಿತ್ಯಪಾಠ. ಕಳೆದ ವಾರ ಗಿರಾಕಿಯನ್ನೂ ಹುಡುಕಿದ. ಭಾನುವಾರ ನೋಡಲು ಬರುತ್ತಾನೆ ಎಂದ.

ಅದೇ ವಾರ ಟ್ರೈಲರಿನ ಲೈಟು ಕೈಕೊಟ್ಟಿತು. ಬಸಪ್ಪ ಕೀ ತಂದು ಟೇಬಲ್ ಮೇಲಿಟ್ಟ.

“ಲೈಟ್ ಇಲ್ದ ನಾ ಗಾಡಿ ತಗಿಯಂಗಿಲ್ರೀ ಅಕ್ಕಾರ. ಬೈಕಿನ ಹುಡುಗ್ರು ಮೊಬೈಲ್ ನೋಡ್ಕೋತ ಬರ್ತಾರ. ಬಂದು ಹಿಂದ ಹೊಕ್ಕರ ಯಾರ್ರೀ ಹೊಣಿ?”

ಅವನ ಮಾತು ಸರಿ. ಗಾಡಿ ನಿಂತರೆ ಮೈದುನನ ಮಾತೂ ಸರಿಯಾಗಿಬಿಡುತ್ತದೆ. ಬೆಳಿಗ್ಗೆ ಟ್ರ್ಯಾಕ್ಟರ್ ಸ್ಟಾರ್ಟ್ ಆಗುವ ಸದ್ದು ಕೇಳಿದಾಗ, ಯಜಮಾನರು ಕೆಲಸಕ್ಕೆ ಹೊರಟರು ಎಂದು ಅರೆನಿದ್ದೆಯಲ್ಲಿ ಒಂದು ಕ್ಷಣ ನಂಬಬಹುದು. ಆ ಒಂದು ಕ್ಷಣವನ್ನು ಮಾರಲು ನಾನು ತಯಾರಿರಲಿಲ್ಲ.

ಪೀಣ್ಯದ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆ. ಟ್ರೈಲರಿಗೆ ಟೇಲ್ ಲೈಟು ಬೇಕು ಎಂದೆ.

“ಯಾವ ಕಲರ್ ಮೇಡಂ?”

ಕೆಂಪು ಬಿಟ್ಟು ಬೇರೆಯೂ ಇದೆಯೇ? ಇದೆ. ನೀಲಿ, ಹಸಿರು, ಓಡುವುದು, ಕುಣಿಯುವುದು, ಬ್ರೇಕ್ ಒತ್ತಿದರೆ ಚಿಟ್ಟೆಯಂತೆ ರೆಕ್ಕೆ ಬಡಿಯುವುದು. “ಸಕ್ಕತ್ ಮೂವಿಂಗ್ ಇದೆ ಮೇಡಂ.” (ಮೂವಿಂಗ್ ಇರುವುದು ಮಾಲಿಗೆ, ನನ್ನ ಟ್ರೈಲರಿಗಲ್ಲ.) ಕೆಂಪಗೆ, ಸುಮ್ಮನೆ ಉರಿಯುವುದು ಸಾಕು ಎಂದಾಗ ಅವನ ಮುಖ ಬಾಡಿತು. “ಟ್ರ್ಯಾಕ್ಟರಾ, ಲಾರಿನಾ? ಹನ್ನೆರಡು ವೋಲ್ಟಾ, ಇಪ್ಪತ್ನಾಲ್ಕಾ?” ಎಂದ. ಆ ಅಂಗಡಿಯಲ್ಲಿ ಕೇಳಿದ ಮೊದಲ ಉಪಯೋಗದ ಮಾತು. ಟ್ರ್ಯಾಕ್ಟರ್ ಎಂದೆ. ಹನ್ನೆರಡರದು ಕೊಟ್ಟ.

ಎಲೆಕ್ಟ್ರಿಷಿಯನ್ ನಯಾಜ್ ಲೈಟು ಹಾಕಿದ. ಫ್ಯೂಸ್ ಬದಲಿಸಿದ. ಟ್ರ್ಯಾಕ್ಟರಿಗೂ ಟ್ರೈಲರಿಗೂ ನಡುವಿನ ಪ್ಲಗ್ಗನ್ನೂ ಬದಲಿಸಿದ. ಆದರೂ ಎಡಕ್ಕೆ ಇಂಡಿಕೇಟರ್ ಹಾಕಿದರೆ ಬಲಗಡೆಯದೂ ಮಿಣುಕುತ್ತದೆ. ಬ್ರೇಕ್ ಒತ್ತಿದರೆ ಉರಿಯುತ್ತಿದ್ದದ್ದೂ ಮಂಕಾಗುತ್ತದೆ. ಥೇಟ್ ನಮ್ಮ ನೆಂಟರ ಪಂಚಾಯ್ತಿ: ಕೇಳಿದ್ದು ಒಬ್ಬರನ್ನು, ಬಾಯಿ ತೆಗೆಯುವವರು ಇನ್ನೊಬ್ಬರು.

ಆಗಲೇ ಅವನು ಆ ಮಾತಾಡಿದ್ದು.

“ಯಾವುದಕ್ಕಪ್ಪಾ ಅರ್ಥ ಇಲ್ಲ?” ಎಂದೆ. ಕಾಲುಗಳು ಅಲುಗಾಡುವುದನ್ನು ನಿಲ್ಲಿಸಿದವು. ತಲೆ ಹೊರಗೆ ಬಂತು.

“ಅಯ್ಯೋ, ಅರ್ಥ ಅಲ್ಲ ಅಕ್ಕ. ಅರ್ತ್, ಅರ್ತಿಂಗು! ಕರೆಂಟ್ ವಾಪಸ್ ಹೋಗಕ್ಕೆ ಗಾಡಿ ಬಾಡಿಯಲ್ಲಿ ದಾರಿ ಬೇಕಲ್ವಾ? ಅದು ಎಲ್ಲೋ ಕಟ್ ಆಗೈತೆ. ಎಲ್ಲೀಂತ ಸಿಕ್ತಿಲ್ಲ.”

“ಅಕ್ಕಾರು ಪೇಪರ್‌ನಾಗ ಬರಿಯಾರು ನೋಡಪಾ,” ಎಂದ ಬಸಪ್ಪ. “ಎಲ್ಲಾದಕ್ಕೂ ಅರ್ಥ ಕೇಳ್ತಾರ.”

ನಾನೂ ನಕ್ಕೆ. ನಗುವಾಗಲೇ ನೆನಪಾಯಿತು. ಆಯುಧಪೂಜೆಗೆ ಎಲ್ಲರೂ ಗಾಡಿಗೆ ಅರಿಶಿನ ಕುಂಕುಮ ಹಚ್ಚುತ್ತಿದ್ದರೆ, ನಮ್ಮವರು ಸ್ಯಾಂಡ್ ಪೇಪರ್ ಹಿಡಿದು ಹಿಂದುಗಡೆಯ ಒಂದೇ ಒಂದು ಬೋಲ್ಟನ್ನು ಫಳಫಳ ಉಜ್ಜುತ್ತಿದ್ದರು. “ಇಡೀ ಗಾಡೀಲಿ ಅದೊಂದಕ್ಕೇನ್ರೀ ಅಭ್ಯಂಜನ?” ಎಂದು ರೇಗಿಸುತ್ತಿದ್ದೆ. “ಅದೊಂದು ಕ್ಲೀನಾಗಿದ್ರೆ ಸಾಕು ಕಣೇ,” ಎನ್ನುತ್ತಿದ್ದರು.

ಎಲ್ಲಿ ಆ ಬೋಲ್ಟು? ಕಾಣಲಿಲ್ಲ. ಕಾಣುವುದು ಹೇಗೆ? ಮೊನ್ನೆ ಮೊನ್ನೆ ವರ್ಷದ ಕಾರ್ಯ ಮುಗಿಸಿ, ನಾನೇ ಮುಂದೆ ನಿಂತು ಟ್ರೈಲರಿಗೆ ಹೊಸ ಪೇಂಟ್ ಹೊಡೆಸಿದ್ದೆ. ಹಿಂದಿನ ಪಟ್ಟಿಯ ಮೇಲೆ ಅವರ ಹೆಸರು, ಪಕ್ಕದಲ್ಲಿ ‘ಮತ್ತೆ ಹುಟ್ಟಿ ಬಾ’. (ಅವರನ್ನು ನಾನು ಎಂದೂ ‘ಬಾ’ ಎಂದವಳಲ್ಲ. ‘ಬನ್ನಿ’ ಬರೆಯಲು ಜಾಗ ಸಾಲುವುದಿಲ್ಲ ಎಂದ ಪೇಂಟರ್.) ಪುಣ್ಯಾತ್ಮ ಅರ್ತ್ ವೈರು ಬಿಚ್ಚಿ, ಬೋಲ್ಟಿಗೂ ದಪ್ಪಗೆ ಬಣ್ಣ ಬಳಿದು, ಅದರ ಮೇಲೇ ವೈರು ಬಿಗಿದಿದ್ದ; ಬಣ್ಣ ದಾಟಿ ಕರೆಂಟು ಹೋಗುವುದು ಹೇಗೆ? ಸರಿಯಾಗಿ ‘ಬಾ’ ಅಕ್ಷರದ ಹೊಟ್ಟೆಯಲ್ಲಿ.

“ಕೆರೀಬೇಕಾಗುತ್ತೆ ಅಕ್ಕ,” ಎಂದ ನಯಾಜ್, ಮೆಲ್ಲಗೆ. “ಅಕ್ಷರ ಹೋಗುತ್ತೆ.”

ಬಸಪ್ಪ ಬೇರೆ ಕಡೆ ನೋಡಿದ. ನಾನು ಸ್ಯಾಂಡ್ ಪೇಪರ್ ಇಸಿದುಕೊಂಡು ನಾನೇ ಉಜ್ಜಿದೆ. ಕಬ್ಬಿಣ ಹೊಳೆಯುವವರೆಗೂ ಉಜ್ಜಿದೆ. ವೈರು ಬಿಗಿದು ಸ್ವಿಚ್ ಹಾಕಿದರೆ ಕೆಂಪು ದೀಪಗಳೆರಡೂ ಸುಮ್ಮನೆ, ಸ್ಥಿರವಾಗಿ ಉರಿದವು. ಎಡ ಎಂದರೆ ಎಡ, ಬಲ ಎಂದರೆ ಬಲ. ಬಸಪ್ಪ ಕೀಗಾಗಿ ಕೈ ಚಾಚಿದ.

ಭಾನುವಾರ ಮೈದುನ ಗಿರಾಕಿಯನ್ನು ಕರೆತಂದ. ಗಾಡಿ ಲೋಡ್ ಹೊತ್ತುಕೊಂಡು ರಾಜಗೋಪಾಲನಗರಕ್ಕೆ ಹೋಗಿತ್ತು. ಇಬ್ಬರಿಗೂ ಕಾಫಿ ಕೊಟ್ಟು ಕಳಿಸಿದೆ.

ಟ್ರೈಲರಿನ ಬೆನ್ನ ಮೇಲೆ ಈಗ ‘ಮತ್ತೆ ಹುಟ್ಟಿ’ ಎಂದಷ್ಟೇ ಇದೆ. ಉಳಿದದ್ದನ್ನು ಬರೆದುಕೊಡಲೇ ಎಂದು ಪೇಂಟರ್ ಫೋನ್ ಮಾಡಿದ್ದ. ಬೇಡ ಎಂದೆ.

ದೀಪವಿಲ್ಲದ ಗಾಡಿಯ ಹಿಂದೆ, ಮೊಬೈಲ್ ನೋಡಿಕೊಂಡು ಬರುವವರಿಗೆಲ್ಲ ಕಾಣುವಂತೆ ‘ಬಾ’ ಎಂದು ಬರೆಸಿಟ್ಟಿದ್ದೆನಲ್ಲ, ಅದಕ್ಕೇನಾದರೂ ಅರ್ಥ ಇತ್ತೇ?