ಅವ್ವನ ಕೈ, ವನದ ಸೊಪ್ಪು

ನಮ್ಮವ್ವ ದೇವಿರಮ್ಮ ಇಲವಾಲದಿಂದ ಮೈಸೂರಿಗೆ ಬಂದು ಇಪ್ಪತ್ತು ವರ್ಷವಾಗಿದ್ದರೂ ಅವಳ ಕಣ್ಣು ಮಾತ್ರ ಹೊಲದ ಬದುವಿನಲ್ಲೇ ಉಳಿದಿತ್ತು. ದೇವಸ್ಥಾನಕ್ಕೆ ಹೋದರೆ ಪ್ರದಕ್ಷಿಣೆ ಮುಗಿಯುವಷ್ಟರಲ್ಲಿ ಮಡಿಲಲ್ಲಿ ಒಂದು ಹಿಡಿ ಗಣಿಕೆಸೊಪ್ಪು. ಸಾವಿನ ಮನೆಗೆ ಹೋದರೂ ಬರುವಾಗ ಹೊನಗೊನ್ನೆ. ಹಾಗಂತ ಅಳುವುದರಲ್ಲಿ ಕಡಿಮೆ ಮಾಡುತ್ತಿರಲಿಲ್ಲ, ಅಳುತ್ತಲೇ ಕೀಳುತ್ತಿದ್ದಳು. ಕಚೇರಿಯಲ್ಲಿ ದಫೇದಾರರಾಗಿದ್ದ ಅಪ್ಪ ಶಿವಲಿಂಗಯ್ಯನವರು "ಹುಟ್ಟುಗುಣ ಸುಟ್ಟರೂ ಹೋಗಲ್ಲ" ಎಂದು ಗೊಣಗುತ್ತಿದ್ದರು. ರಾತ್ರಿ ಮಸ್ಸೊಪ್ಪಿಗೆ ಮುದ್ದೆ ಮುರಿಯುವಾಗ ಆ ಗಾದೆ ಅವರಿಗೆ ನೆನಪಾಗುತ್ತಿರಲಿಲ್ಲ.

ರಾಜ್ಯ ಒಂದಾದ ಮರುವರ್ಷ ನನಗೆ ಗಂಡು ನೋಡುತ್ತಿದ್ದರು. ಆಗಲೇ ಎರಡು ಕಡೆಯವರು "ತಾಯಿ ತೀರಾ ಹಳ್ಳಿಯವಳು" ಎಂದು ಹೇಳಿಕಳಿಸಿದ್ದರು. ಮೂರನೆಯದು ಚೆಲುವರಾಜು, ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ. ಅವರನ್ನು ನಾನು ಮೊದಲೇ ದೂರದಿಂದ ಕಂಡಿದ್ದೆ. ಇದೂ ತಪ್ಪಿಹೋದರೆ ಎಂದು ನನಗೆ ನಿದ್ದೆ ಇರಲಿಲ್ಲ.

ಆ ಮನೆಯಲ್ಲಿ ತಾಯಿ ಚೂಡಾಮಣಿಯವರದೇ ಮಾತು. ಹೆಣ್ಣಿನ ಮನೆಗೆ ಬಂದು ಉಪ್ಪಿಟ್ಟು ತಿನ್ನುವುದೆಲ್ಲ ಹಳೇಕಾಲವಂತೆ. ಊರಾಚೆ ಕೆರೆಯ ಪಕ್ಕ ಸರ್ಕಾರದವರು ಬೇಲಿ ಹಾಕಿ ಮಾಡಿದ್ದ ವನದಲ್ಲಿ ಗಾಳಿ ಸೇವಿಸುತ್ತಾ ನೋಡೋಣ ಎಂದರು. ಕೆರೆ ಪಕ್ಕದ ವನ ಎಂದ ಕೂಡಲೇ ಅಪ್ಪನ ಜೀವ ಹಾರಿಹೋಯಿತು.

"ಅಲ್ಲಿ ಒಂದೆಲೆ ಮುಟ್ಟಿದ್ರೆ ನನ್ನ ಮೇಲಾಣೆ ಕಣೆ."

"ಮುಟ್ಟಲ್ಲ ಬುಡಿ," ಎಂದಳು ಅವ್ವ.

ವನದಲ್ಲಿ ಅವಳ ಪಾಡು ನೋಡಬೇಕಿತ್ತು. ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕಲ್ಲುಬೆಂಚಿನ ಮೇಲೆ ಕೂತಳು. ಸುತ್ತ ಮಳೆಗೆ ಅಣ್ಣೆಸೊಪ್ಪು ಕೊಬ್ಬಿ ಬೆಳೆದಿತ್ತು. ಎಲ್ಲರೂ ಹಕ್ಕಿ ನೋಡಿದರು, ಅವ್ವ ಆಕಾಶ ನೋಡಿದಳು. ನೆಲ ನೋಡಲು ಅವಳಿಗೆ ಧೈರ್ಯವಿರಲಿಲ್ಲ.

ರೇಷ್ಮೆ ಸೀರೆಯ ಚೂಡಾಮಣಿಯವರು ಮಾತಿನ ನಡುವೆ, "ನಮ್ಮನೇಲಿ ಬೀನ್ಸು, ಕ್ಯಾರೆಟ್ಟು ಅಷ್ಟೇ. ಸೊಪ್ಪುಗಿಪ್ಪು ನಮಗೆ ಸೇರಲ್ಲ," ಎಂದರು. ಅಪ್ಪ ನಮಗೂ ಅಷ್ಟೇ ಎಂಬಂತೆ ತಲೆಯಾಡಿಸಿದರು. ಸ್ವಲ್ಪ ಹೊತ್ತಿಗೆ ಆಕೆ, "ನೀರು ನೋಡ್ಕೊಂಡು ಬರ್ತೀನಿ," ಎಂದು ಒಬ್ಬರೇ ಪೊದೆಗಳ ಆಚೆ ಹೋದರು.

ಹೋದವರು ಕಾವಲುಗಾರನ ಸೀಟಿ ಕೇಳಿಸಿದ ಮೇಲೆಯೇ ಬಂದದ್ದು. ಬಿರಬಿರನೆ ಬಂದು ಅವ್ವನ ಪಕ್ಕ ಕೂತರು. ಅವರ ಸೆರಗಿನಿಂದ ಏನೋ ಬೆಂಚಿನ ಮೇಲೆ ಜಾರಿತು. ಹಿಂದೆಯೇ ವನದ ಕಾವಲುಗಾರ ಸವರಿಯಪ್ಪ ಬಂದ.

"ಎಲೆ ಕೀಳಬಾರ್ದು ಅಂತ ಬೋರ್ಡು ಹಾಕಿಲ್ವಾ? ಇದು ಯಾರ್ದು?"

ಇಬ್ಬರು ಹೆಂಗಸರ ನಡುವೆ ತಲೆದಿಂಬಿನಷ್ಟು ಸೊಪ್ಪು ಕೂತಿತ್ತು. ಚೂಡಾಮಣಿಯವರ ಮುಖ ಸುಣ್ಣವಾಗಿತ್ತು, ಬೆರಳ ತುದಿ ಹಸಿರಾಗಿತ್ತು. ಅವ್ವ ಆ ಬೆರಳು ನೋಡಿದಳು. ನಾನೂ ನೋಡಿದೆ. ಆಕೆಯ ಮಗ ಚೆಲುವರಾಜು ಇನ್ನೂ ಹಕ್ಕಿಯನ್ನೇ ನೋಡುತ್ತಿದ್ದರು, ಪುಣ್ಯಾತ್ಮ.

"ನಂದೇ ಕಣಪ್ಪ," ಎಂದಳು ಅವ್ವ. "ಹಳ್ಳಿಯೋಳು, ಓದಕ್ಕೆ ಬರಲ್ಲ. ಕಿತ್ತದ್ದು ಕಿತ್ತಾಯ್ತು, ಮತ್ತೆ ನೆಡಕ್ಕಾಯ್ತದಾ?"

ಅಪ್ಪ ಕಣ್ಣು ಮುಚ್ಚಿಕೊಂಡರು. ನನಗೆ ಅಳುವೇ ಬಂತು. ಯಾರದೋ ಮಾನ ಉಳಿಸಲು ಇವಳು ನನ್ನ ಮದುವೆಯನ್ನೇ ಕೊಟ್ಟುಬಿಟ್ಟಳಲ್ಲ ಎಂದು ಹೊಟ್ಟೆ ಉರಿಯಿತು.

"ಇದೊಂದ್ಸಲ ಬುಡ್ತೀನಿ ಕಣಮ್ಮ," ಎಂದು ಸವರಿಯಪ್ಪ ಹೊರಟ. ಆಮೇಲೆ ಚೂಡಾಮಣಿಯವರು ಅವ್ವನ ಕಡೆ ಸರಿದು, ತಗ್ಗಿದ ದನಿಯಲ್ಲಿ ಕೇಳಿದರು.

"ಇದಕ್ಕೆ ನೀವು ಯಾವ ಕಾಳು ಹಾಕ್ತೀರಿ?"

"ಅವರೆಕಾಳು."

"ನಮ್ಮವ್ವನೂ ಅದನ್ನೇ ಹಾಕೋಳು," ಎಂದ ಆಕೆಯ ಕಣ್ಣಲ್ಲಿ ನೀರಿತ್ತು. ಅದನ್ನು ಒರೆಸಿಕೊಂಡು ಅಪ್ಪನ ಕಡೆ ತಿರುಗಿದರು. "ಹುಡುಗಿ ನಮ್ಮನೆಗೇ ಬರಲಿ, ಶಿವಲಿಂಗಯ್ಯನೋರೆ. ದಿನ ನೋಡಿಸಿ."

ಎದ್ದು ಹೊರಡುವಾಗ ಸೊಪ್ಪನ್ನು ಮರೆಯದೆ ಸೆರಗಿಗೆ ಸುರಿದುಕೊಂಡರು.

ದಾರಿಯಲ್ಲಿ ಅಪ್ಪ ಸಿಡುಕಿದರು. "ಸಂಬಂಧ ಕೂಡಿದ್ದು ದೇವರ ದಯೆ. ಆದ್ರೂ ನನ್ನ ಮೇಲಿನ ಆಣೆ ಮುರಿದ್ಯಲ್ಲೇ!"

ಅವ್ವ ಎರಡೂ ಅಂಗೈ ಬಿಡಿಸಿ ಅವರ ಮುಖದ ಮುಂದೆ ಹಿಡಿದಳು. ಒಂದು ಹಸಿರು ಕಲೆಯೂ ಇರಲಿಲ್ಲ. ಅಪ್ಪ ಆ ಕೈಗಳನ್ನು ನೋಡಿದರು, ನನ್ನ ಮುಖ ನೋಡಿದರು, ಆಮೇಲೆ ತಲೆ ತಗ್ಗಿಸಿ ನಮಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದರು.

ಅವ್ವನಿಗಿದ್ದದ್ದು ಒಂದೇ ಸಂಕಟ.

"ಅಷ್ಟೊಂದು ಸೊಪ್ಪು ಕಣೆ," ಎಂದಳು ನನಗೆ. "ಬಾಯ್ಮಾತಿಗಾದ್ರೂ ಒಂದು ಹಿಡಿ ತಗೊಳ್ಳಿ ಅನ್ನಲಿಲ್ಲ, ನಿಮ್ಮತ್ತೆ."