ಓಂಕಾರೇಶನ ಹುದುಗಿನ ಬಾಟಲಿ

ಚೌಳಹಿರಿಯೂರಿನ ಓಂಕಾರೇಶ ಐವತ್ತೆಂಟು ವರ್ಷದಲ್ಲಿ ಹಿಡಿದ ಕೆಲಸ ಒಂದನ್ನೂ ಮುಗಿಸಿದವನಲ್ಲ. ಆದರೆ ಒಂದೊಂದನ್ನೂ ಭಾಷಣ ಮಾಡಿಯೇ ಶುರು ಮಾಡಿದವನು. ಮೊದಲು ಮೊಲ ಸಾಕಿದ. ಹೆಣ್ಣು ನೋಡಲು ಹೋದ ಮನೆಯಲ್ಲೆಲ್ಲ ಮೊಲದ ಮಾತೇ ಆಡಿ ಬಂದದ್ದರಿಂದ ಮದುವೆಯಾಗಲಿಲ್ಲ; ಮೊಲಗಳನ್ನು ನಾಯಿಗಳು ತಿಂದವು. ಆಮೇಲೆ ಎಮು ಹಕ್ಕಿ ತಂದ. ಅವು ಬೇಲಿ ನುಗ್ಗಿ ಎಮ್ಮೆದೊಡ್ಡಿ ಕಾವಲಿನ ಕಡೆಗೆ ಓಡಿದವು. ಅವನ್ನು ಕಂಡು ದನಗಳೆಲ್ಲ ಬಾಲ ಎತ್ತಿದವು ಎಂದು ದನ ಕಾಯುವವರು ಇವತ್ತಿಗೂ ನಗುತ್ತಾರೆ.

ಇದನ್ನೆಲ್ಲ ನೋಡಿದವಳು ಅಕ್ಕ ಮಲ್ಲಿಕಾಂಬ. ಗಂಡ ತೀರಿದ ಮೇಲೆ ತವರಿಗೆ ಬಂದು, ಎಮ್ಮೆ ಕಟ್ಟಿ, ಹಾಲು ಹಾಕಿ, ತಮ್ಮನಿಗೂ ಅನ್ನ ಹಾಕುತ್ತಿದ್ದಳು. ಅಡಿಗೆಮನೆಯಲ್ಲಿದ್ದ ಫ್ರಿಜ್ಜು ಅವಳದು. ಒಂದು ದಿನ ಅದನ್ನು ತೆಗೆದರೆ ಕೆಳಗಿನ ಅರೆ ತುಂಬ ಗಾಜಿನ ಬಾಟಲಿ. ಒಳಗೆ ತಳದಲ್ಲಿ ಬಿಳಿ ಗಸಿ, ಮೇಲೆ ಕಂದು ನೀರು. ಅವಳ ಉಪ್ಪಿನಕಾಯಿ ಭರಣಿ ಹೊರಗೆ ನೆಲದ ಮೇಲೆ ಕೂತಿತ್ತು.

"ಏನೋ ಇದು?"

"ಯೀಸ್ಟ್ ಕಣಕ್ಕ. ಬೀರು ಹುದುಗಿಸೋದು. ಜೀವ ಐತೆ ಅದಕ್ಕೆ."

"ನನ್ ಉಪ್ಪಿನ್ಕಾಯಿಗಿಂತ ಹೆಚ್ಚಿನ ಜೀವಾನಾ?"

ಫೋನಿನಲ್ಲಿ ನೋಡಿ ಕಲಿತದ್ದು. ಬಾರ್ಲಿ ಮೊಳಕೆ ಕಟ್ಟಿ, ಒಣಗಿಸಿ, ಕುದಿಸಿ, ಹಿತ್ತಲ ಕೋಣೆಯಲ್ಲಿ ಡ್ರಮ್ಮಿಗೆ ತುಂಬುವನು. ಬೀರು ಇಳಿಸಿದ ಮೇಲೆ ತಳದ ಗಸಿಯನ್ನು ಆರಿದ ನೀರಿನಲ್ಲಿ ತೊಳೆದು ಬಾಟಲಿಗೆ ಹಾಕಿ, ಒಳಗೆ ಹುಟ್ಟುವ ಗಾಳಿ ಹೊರಹೋಗಲೆಂದು ಮುಚ್ಚಳ ಸಡಿಲ ಬಿಟ್ಟು ತಣ್ಣಗಿಡುವನು. ನಡುನಡುವೆ ಸಿಹಿನೀರು ಹಾಕಿ ಮತ್ತೆ ಬೆಳೆಸುವನು. ಮಲ್ಲಿಕಾಂಬ ಹುಟ್ಟಿದಾಗಿನಿಂದ ಹಾಲಿಗೆ ಹೆಪ್ಪು ಹಾಕುತ್ತಲೇ ಬಂದಿದ್ದಾಳೆ. ಅದಕ್ಕೆ ಯಾರೂ ಸೆಲ್ಯೂಟ್ ಹೊಡೆದಿಲ್ಲ. ಇವನು ಮಾತ್ರ ಬಾಟಲಿಗೆ 'ಓಂಕಾರ್ ಕಲ್ಚರ್' ಎಂದು ಚೀಟಿ ಅಂಟಿಸಿ, ಮಠದವರನ್ನು ಬಿಟ್ಟು ಬಂದವರಿಗೆಲ್ಲ ಮೊಮ್ಮಗುವಿನಂತೆ ಎತ್ತಿ ತೋರಿಸುತ್ತಿದ್ದ.

"ಲೇ ಓಂಕಾರಿ, ಕುಕ್ಕರ್ ಎಲ್ಲೋ? ಬೇಳೆ ಬೇಯಿಸ್ಬೇಕು."

"ಬಾಟ್ಲಿ ಬೇಯ್ತಾ ಐತೆ, ತಡಿಯಕ್ಕ. ಕ್ರಿಮಿ ಸೇರ್ಕಂಡ್ರೆ ವಂಶಾನೇ ಹೋಯ್ತದೆ."

"ಯಾರ ವಂಶನಪ್ಪಾ? ನಿಂದಂತೂ ಯಾವತ್ತೋ ಹೋಯ್ತಲ್ಲ."

ಇದೇ ಮನುಷ್ಯ ಮಠದ ದಾಸೋಹ ಸಮಿತಿಯಲ್ಲಿ ಮೊದಲನೇ ಸಾಲಿನಲ್ಲಿ ಕೂರುತ್ತಾನೆ. ವಿಭೂತಿ ಅವನ ಹಣೆಯ ಮೇಲೆ ಇದ್ದಷ್ಟು ದಪ್ಪ ಊರಲ್ಲಿ ಯಾರ ಹಣೆಯ ಮೇಲೂ ಇಲ್ಲ. ಬೀರು ಒಂದು ಹನಿ ಬಾಯಿಗಿಟ್ಟವನಲ್ಲ, ಬರೀ ಸೈನ್ಸಿಗಾಗಿ ಮಾಡುತ್ತೇನೆ ಎಂದು ಅಕ್ಕನಿಗೆ ಆಣೆ ಇಟ್ಟು ಹೇಳುತ್ತಿದ್ದ. ಹಿತ್ತಲ ಕೋಣೆಯಿಂದ ಬರುವಾಗ ಮಾತ್ರ ಯಾವಾಗಲೂ ಏಲಕ್ಕಿ ಅಗಿಯುತ್ತಿರುತ್ತಿದ್ದ.

ಹೀಗಿರುವಾಗ ಅವನ ಬಾಳಿನಲ್ಲಿ ಒಂದೇ ಒಂದು ಅದೃಷ್ಟ ಬಂತು. ಚಿಕ್ಕಮಗಳೂರಿನಲ್ಲಿ ತಾನೇ ಬೀರು ಹುದುಗಿಸಿ ಮಾರುವ ಹೋಟೆಲು ಇಟ್ಟಿದ್ದ ಧನಪಾಲ್ ಎಂಬವನು ಫೋನು ಮಾಡಿ, ಒಂದೇ ಹುದುಗನ್ನು ಒಂಬತ್ತು ವರ್ಷದಿಂದ ಕಾಪಾಡಿದ್ದೀರಂತೆ, ಮಂಗಳವಾರ ಬಂದು ಒಯ್ಯುತ್ತೇನೆ, ಚೆನ್ನಾಗಿದ್ದರೆ ಬೀರಿಗೆ ನಿಮ್ಮ ಹೆಸರನ್ನೇ ಇಡುತ್ತೇನೆ ಎಂದ. ಓಂಕಾರೇಶನ ಕಾಲು ನೆಲದ ಮೇಲೆ ನಿಲ್ಲದಾಯಿತು. ಮೊಲ, ಎಮು ಎಲ್ಲಕ್ಕೂ ನಕ್ಕವರ ಮುಂದೆ ತನ್ನ ಹೆಸರಿನ ಬೋರ್ಡು!

ಆದರೆ ಸೋಮವಾರ ಮನೆಯಲ್ಲಿ ಸ್ವಾಮಿಗಳ ಪಾದಪೂಜೆ. ಅದನ್ನು ಮಠದಲ್ಲಿ ಎದ್ದು ನಿಂತು ಒಪ್ಪಿಕೊಂಡು ಬಂದವನೂ ಅವನೇ. ಮಠದ ಹುಡುಗರು ಹಾಲಿಗೆ, ಹಣ್ಣಿಗೆ ಫ್ರಿಜ್ಜು ತೆಗೆಯುತ್ತಾರೆ. ಚೀಟಿ ಓದಿ, ಮೂಸಿ, ಬೀರಿನದೆಂದು ತಿಳಿದರೆ ಸಮಿತಿಯ ಕುರ್ಚಿ ಹೋಗುತ್ತದೆ. ಆ ಬೆಳಗ್ಗೆ ಬೇಗ ಎದ್ದು, ಎಲ್ಲಾ ಬಾಟಲಿಗಳ ಗಸಿಯನ್ನೂ ಒಂದು ಸ್ಟೀಲ್ ಡಬ್ಬಿಗೆ ಸುರಿದು, ದೋಸೆ ಹಿಟ್ಟಿನ ಪಕ್ಕ ಹಿಟ್ಟಿನ ಹಾಗೇ ಇಟ್ಟ. ಅಕ್ಕನಿಗೆ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಅವಳಿಗೇನು ತಿಳಿಯುತ್ತದೆ?

ಸ್ವಾಮಿಗಳು ಹೊಸ್ತಿಲು ತುಳಿಯುವ ಮುಂಚೆ ಮನೆಯಲ್ಲಿ ತಂಗಳು ಇರಬಾರದು. ಈ ಮನೆಯಲ್ಲಿ ತಾಯಿಯ ಕಾಲದಿಂದಲೂ ಹಾಗೇ. ಮಲ್ಲಿಕಾಂಬ ಮಿಂದು ಬಂದು, ನಿನ್ನೆಯ ಸಾರು, ಹುಳಿಬಂದ ಹಿಟ್ಟು, ಜೊತೆಗೆ ಆ ಡಬ್ಬಿಯಲ್ಲಿದ್ದುದನ್ನೂ ಕಲಗಚ್ಚಿನ ಬಾನಿಗೆ ಸುರಿದಳು. ಎಮ್ಮೆ ಮೂತಿ ಎತ್ತದೆ ಕುಡಿಯಿತು.

ಪೂಜೆ ಸಾಂಗವಾಯಿತು. ಸ್ವಾಮಿಗಳ ಕಾರು ತಿರುವಿನಲ್ಲಿ ಮರೆಯಾಗುತ್ತಲೇ ಓಂಕಾರೇಶ ಒಳಗೆ ಓಡಿದ.

"ಅಕ್ಕಾ, ಡಬ್ಬಿ?"

"ತೊಳ್ದು ಬೋರ್ಲು ಹಾಕಿದೀನಿ."

"ಒಳಗಿದ್ದದ್ದು?"

"ತಂಗಳು ಹಿಟ್ಟು ತಾನೇ? ಎಮ್ಮೆ ಕುಡೀತು."

ಅವನು ಕೊಟ್ಟಿಗೆಗೆ ಹೋಗಿ ಬಾನಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ತಳವನ್ನು ಬೆರಳಲ್ಲಿ ಬಳಿದು ಮೂಸಿದ. ಎಮ್ಮೆ ಅವನ ಮುಖಕ್ಕೇ ತೇಗಿತು. ಅದರ ಹೊಟ್ಟೆ ಆಗಲೇ ಉಬ್ಬಿಕೊಂಡಿತ್ತು.

"ಅಯ್ಯೋ, ಒಂಬತ್ತು ವರ್ಷ ಕಣಕ್ಕ! ಒಂಬತ್ತು ವರ್ಷ!"

"ಅಳೋದು ಆಮೇಲೆ ಅಳೋವಂತೆ. ಎಮ್ಮೆ ಬಾಯಿ ಹಿಡ್ಕೋ, ಎಣ್ಣೆಗೆ ಓಮ ಕಲ್ಸಿ ಹುಯ್ತೀನಿ. ಇದಕ್ಕೇನಾದ್ರೂ ಆಗ್ಲಿ, ನಿನ್ನೂ ಇದೇ ಗೂಟಕ್ಕೆ ಕಟ್ತೀನಿ."

ಎಮ್ಮೆ ಸಂಜೆಗೆ ಸರಿಹೋಯಿತು. ಓಂಕಾರೇಶ ಅಷ್ಟರಲ್ಲಿ ಬಸ್ಸು ಹತ್ತಿ ಕಡೂರಿಗೆ ಹೋಗಿ ಬಂದಿದ್ದ. ಬನ್ನಿಗೆ ಹಾಕುವ ಯೀಸ್ಟ್ ಪುಡಿಯ ಖಾಲಿ ಪೊಟ್ಟಣ ಒಲೆಯ ಹಿಂದೆ ಬಿದ್ದಿದ್ದನ್ನು ಮಲ್ಲಿಕಾಂಬ ನೋಡಿದಳು. ಪುಡಿ ಸಿಹಿನೀರಿನಲ್ಲಿ ನೊರೆಯೇಳುತ್ತಿತ್ತು, ಅದೇ ಬಾಟಲಿಯಲ್ಲಿ, ಅದೇ ಚೀಟಿಯ ಕೆಳಗೆ.

"ಅಕ್ಕ, ನಿನ್ ದಮ್ಮಯ್ಯ, ಬಾಯಿ ಬಿಡ್ಬೇಡ."

ಅವಳು ಪೊಟ್ಟಣ ಎತ್ತಿ ಒಲೆಗೆ ಹಾಕಿದಳು.

ಮಂಗಳವಾರ ಧನಪಾಲ್ ಬಂದ. ಕೈಗೆ ಕಡಗ, ಕಣ್ಣಿಗೆ ಕಪ್ಪು ಕನ್ನಡಕ. ಬಾಟಲಿ ಮೂಸಿ ಕಣ್ಣು ಮುಚ್ಚಿದ.

"ಆಹಾ! ಇದು ಅಂಗಡೀಲಿ ಸಿಗೋ ಮಾಲಲ್ಲ ಸಾರ್. ನಿಮ್ಮ ಮಣ್ಣಿನ ಗುಣಾನೇ ಐತೆ ಇದ್ರಲ್ಲಿ."

ಓಂಕಾರೇಶ ಬಾಟಲಿಯ ಚೀಟಿಯನ್ನು ಬೆರಳಲ್ಲಿ ಸವರಿದ. ಒಂದು ಗಳಿಗೆ ನಿಜ ಹೇಳಿಬಿಡುತ್ತಾನೇನೋ ಎಂದು ಕಾಫಿ ಲೋಟ ಹಿಡಿದು ನಿಂತಿದ್ದ ಮಲ್ಲಿಕಾಂಬಳಿಗೂ ಅನ್ನಿಸಿತು. ಅವನು ಎದೆ ಸೆಟೆಸಿ, "ಒಂಬತ್ತು ವರ್ಷ ಸಾರ್, ಕೂಸು ಸಾಕ್ದಂಗೆ ಸಾಕಿದೀನಿ" ಎಂದ. ಅವಳು ಕಾಫಿ ಅಲ್ಲೇ ಕುಕ್ಕಿ ಕೊಟ್ಟಿಗೆಗೆ ನಡೆದಳು. ಸುಳ್ಳು ಹೇಳಿದವನೂ ಒಂದೇ, ಅದನ್ನು ಮೂಸಿ ಮೆಚ್ಚಿದವನೂ ಒಂದೇ. ಬಾನಿ ತೊಳೆಯುವುದಾದರೂ ಕೆಲಸ.

ಈಗ ಚಿಕ್ಕಮಗಳೂರಿನ ಆ ಹೋಟೆಲಿನಲ್ಲಿ ಅವನ ಹೆಸರಿನ ಬೋರ್ಡು ಇದೆ. ಅದರ ಪಕ್ಕ ನಿಂತು, ವಿಭೂತಿ ಅಳಿಸಿಕೊಂಡು ಫೋಟೋ ತೆಗೆಸಿಕೊಂಡಿದ್ದಾನೆ. ಮೊನ್ನೆ ಊಟಕ್ಕೆ ಕೂತವನು ತಾನಾಗಿಯೇ ಮಾತು ತೆಗೆದ.

"ಅಕ್ಕ, ಅವತ್ತು ಎಮ್ಮೆ ಕುಡೀತಲ್ಲ, ಅದು ಅಸಲಿ ಅಲ್ಲ ಕಣಕ್ಕ. ಅಸಲೀದು ಒಂದ್ ಬಾಟ್ಲಿ ನಾನು ಬೇರೆ ಎತ್ತಿಟ್ಟಿದ್ದೆ."

ಹೇಳುವಾಗ ಅವನ ಕಣ್ಣು ಅಲುಗಲಿಲ್ಲ. ಅವನು ಅದನ್ನು ನಂಬಿಬಿಟ್ಟಿದ್ದ.

"ಹೌದೇನಪ್ಪಾ," ಎಂದಳು ಮಲ್ಲಿಕಾಂಬ. ಎದ್ದು ಫ್ರಿಜ್ಜು ತೆಗೆದು, ಅವನ ಬಾಟಲಿಗಳನ್ನೆಲ್ಲ ಒಂದೊಂದಾಗಿ ನೆಲಕ್ಕಿಟ್ಟು, ಉಪ್ಪಿನಕಾಯಿ ಭರಣಿಯನ್ನು ಕೆಳಗಿನ ಅರೆಯಲ್ಲಿ ಕೂರಿಸಿದಳು.

"ಹಂಗಾದ್ರೆ ಇವೆಲ್ಲ ಯಾಕೋ ಇಲ್ಲಿ? ಆ ಅಸಲೀದನ್ನ ಎಲ್ಲಿ ಎತ್ತಿಟ್ಟಿದ್ಯೋ, ಅಲ್ಲೇ ಇವನ್ನೂ ಇಟ್ಕೋ ಹೋಗು."