ಕೊನೆಯ ಬಕೆಟ್ಟಿಗೂ ಅದೇ ಬಿಸಿ

ಬೆಳಗಿನ ಜಾವದ ನಾಲ್ಕು ಗಂಟೆ. ಗುಂಡ್ಲುಪೇಟೆಯ ಜನವರಿ ಚಳಿ ಎಂಥದ್ದೆಂದರೆ, ಬಂಡೀಪುರದ ಆನೆಗಳೆಲ್ಲ ಸಾಲಾಗಿ ಬಂದು ಪೇಟೆಯಲ್ಲಿ ಕಂಬಳಿ ಕೇಳಬೇಕು. ಬಸ್ ನಿಲ್ದಾಣದ ಹಿಂದಿನ ಲಾಡ್ಜೊಂದರ ಹಿತ್ತಲಲ್ಲಿ, ತಗಡಿನ ಸೂರಿನ ಕೆಳಗೆ, ಚಿಕ್ಕನಿಂಗಮ್ಮ ನೀರೊಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ಒಲೆಯ ಮೇಲೆ ಮಣ್ಣು ಮೆತ್ತಿ ಕೂರಿಸಿರುವ ತಾಮ್ರದ ಹಂಡೆಯಲ್ಲಿ ಒಂದು ಎಮ್ಮೆ ಈಜಾಡಬಹುದು. ಹೋಗಲಿ, ಎಮ್ಮೆಯ ಕರು ಅಂತಲಾದರೂ ಇಟ್ಟುಕೊಳ್ಳಿ. ಆಕೆ ಹಿಪ್ಪುನೇರಳೆ ಕಡ್ಡಿಗಳಿಗೆ ಕಿಡಿ ತಾಗಿಸಿ, ಊದುಗೊಳವೆಗೆ ಬಾಯಿಟ್ಟು ಮೂರು ಸಲ ಊದುತ್ತಾರೆ. ನಾಲ್ಕನೆಯದು ಬೇಕಾಗುವುದಿಲ್ಲ. ಹುಣಸೆ ಕೊರಡು ಹತ್ತಿಕೊಳ್ಳುತ್ತದೆ.

ಕೇರಳದ ಕಡೆಗೆ ಹೊರಟ ಲಾರಿಯೊಂದರ ಡ್ರೈವರ್ ಟವೆಲ್ ಹೆಗಲಿಗೆ ಹಾಕಿಕೊಂಡು ಬರುತ್ತಾನೆ. "ಅಮ್ಮೇ, ಚೂಡುವೆಳ್ಳಂ ಆಯೋ?" ಬಿಸಿನೀರು ಆಯಿತಾ ಎಂದು ಮಲಯಾಳದಲ್ಲಿ ಕೇಳುತ್ತಾನೆ.

"ಇರಪ್ಪ, ಅಂಡೆ ಇನ್ನೂ ಸದ್ದು ಮಾಡ್ನಿಲ್ಲ" ಅನ್ನುತ್ತಾರೆ ಚಿಕ್ಕನಿಂಗಮ್ಮ. ಹಂಡೆಯ ಹೊಟ್ಟೆಯಿಂದ ಜೀರುಂಡೆಯ ಹಾಗೆ ಸಣ್ಣ ದನಿ ಹೊರಟ ಮೇಲೆಯೇ ಮುಚ್ಚಳ ತೆಗೆಯುವುದು ಅವರ ಕ್ರಮ. ಸದ್ದು ಬರುತ್ತದೆ. ಡ್ರೈವರ್ ಒಂದು ಬಕೆಟ್ ಬಿಸಿ ನೀರು ತೋಡಿಕೊಳ್ಳುತ್ತಾನೆ. ಆಮೇಲೆ, ಮನೆಯಲ್ಲಿ ಹೆತ್ತಮ್ಮ ಕಲಿಸಿದ ಹಾಗೆ, ಪಕ್ಕದ ತೊಟ್ಟಿಯಿಂದ ಒಂದು ಬಕೆಟ್ ತಣ್ಣೀರು ಎತ್ತಿ ಹಂಡೆಗೆ ಸುರಿಯಲು ಹೋಗುತ್ತಾನೆ. ಚಿಕ್ಕನಿಂಗಮ್ಮ ಊದುಗೊಳವೆಯನ್ನೇ ಅಡ್ಡ ಹಿಡಿಯುತ್ತಾರೆ.

"ಅಲ್ಲೇ ಮಡುಗು. ನಿಂಗ ಬಿಸಿನೀರು ಸಿಕ್ತಲ್ಲ, ಓಗಿ ನೀರುಯ್ಕೊ. ಅಂಡೆ ತುಂಬೋದು ನನ್ ಕೆಲ್ಸ."

ಆಮೇಲೆ ತಿರುಗಿ, ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡುತ್ತಾರೆ. ಎರಡು ವರ್ಷದ ಮೇಲೆ ಕಂಡರೂ ಗುರುತು ಹಿಡಿಯಲು ಒಂದು ಕ್ಷಣವೂ ಬೇಕಾಗುವುದಿಲ್ಲ.

"ಯಾನ್ ಸಾ, ಇಲ್ಲೂ ಅರ್ಜಿ ಬರಿಯಕ್ ಬಂದ್ರ?"

ಚಾಮರಾಜನಗರ ಜಿಲ್ಲೆಯಲ್ಲಿ ನನ್ನ ಬಾಯಿಗೆ ಉತ್ತರ ಕೊಟ್ಟು ಗೆದ್ದವರಿಲ್ಲ ಎಂದು ನಾನೇ ಊರೆಲ್ಲ ಹೇಳಿಕೊಂಡು ತಿರುಗಿದವನು. ಜೇಬಿನಿಂದ ಅರ್ಧ ಎಳೆದಿದ್ದ ಪುಸ್ತಕವನ್ನು ಮತ್ತೆ ಒಳಗೆ ತಳ್ಳುತ್ತೇನೆ. ಲಾಡ್ಜಿನ ಯಜಮಾನರು "ನಮ್ಮಲ್ಲಿ ಒಬ್ಬಳು ನೀರು ಕಾಯಿಸೋಳಿದ್ದಾಳೆ, ಅವಳ ಬಗ್ಗೆ ಪತ್ರಿಕೆಗೆ ಬರೀರಿ, ಕೊನೆಯ ಬಕೆಟ್ಟಿಗೂ ಅದೇ ಬಿಸಿ" ಎಂದಿದ್ದರೇ ಹೊರತು ಹೆಸರು ಹೇಳಿರಲಿಲ್ಲ. ಹೇಳಿದ್ದರೆ ಬರುತ್ತಿದ್ದೆನೋ ಇಲ್ಲವೋ.

ಚಿಕ್ಕನಿಂಗಮ್ಮ ಉಮ್ಮತ್ತೂರಿನವರು. ಗಂಡ ಮೂಗಯ್ಯ ತೀರಿಕೊಂಡ ಮೇಲೆ, ಮಗಳು ಕುಮಾರಿಯ ಕೈ ಹಿಡಿದುಕೊಂಡು ಚಾಮರಾಜನಗರಕ್ಕೆ ಬಂದು ಗುರುಪಾದಸ್ವಾಮಿಯವರ ವಠಾರ ಸೇರಿದರು. ಕೆಲಸ, ಬೆಳಿಗ್ಗೆ ಬಚ್ಚಲುಮನೆಯ ಹಂಡೆಗೆ ಉರಿ ಹಾಕುವುದು. ಇರುವುದಕ್ಕೆ ಆ ಬಚ್ಚಲಿಗೆ ಆತುಕೊಂಡಂತಿದ್ದ ಒಂದು ಸಣ್ಣ ಕೋಣೆ. "ಗ್ವಾಡೆ ಬೆಚ್ಚಗಿರ್ತಿತ್ತು ಕಣ್ ಸಾ. ನನ್ ಮಗಳು ಆ ಗ್ವಾಡೆಗ ಬೆನ್ ಕೊಟ್ಕಂಡೇ ಓದ್ಕತಿದ್ಲು." ಹನ್ನೊಂದು ವರ್ಷ ಹಾಗೆ ನಡೆಯಿತು. ಆಗ ವಠಾರದಲ್ಲಿ ಆರು ಮನೆ.

ತೊಂಬತ್ತೇಳರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. ಗುಮಾಸ್ತರು, ಟೈಪಿಸ್ಟರು, ಸರ್ವೆಯವರು ಮಿಡತೆಗಳ ಹಾಗೆ ಬಂದಿಳಿದರು. ದನದ ಕೊಟ್ಟಿಗೆಗೂ ಸುಣ್ಣ ಬಳಿದು ಬಾಡಿಗೆಗೆ ಬಿಟ್ಟ ಕಾಲ ಅದು. ಗುರುಪಾದಸ್ವಾಮಿಯವರು ಆರು ಮನೆಗಳಿಗೆ ನಡುಗೋಡೆ ಹಾಕಿ ಹದಿನಾಲ್ಕು ಮಾಡಿ, "ಬೆಳಿಗ್ಗೆ ಬಿಸಿನೀರಿನ ಸೌಕರ್ಯವಿದೆ" ಎಂದು ಬೋರ್ಡು ಬರೆಸಿದರು. ಹಂಡೆ ಮಾತ್ರ ಒಂದೇ. ಹನ್ನೆರಡನೇ ಮನೆಗೆ ಬಂದವನು ನಾನು.

ಆ ಮಳೆಗಾಲ ಕಳೆದು ಚಳಿ ಶುರುವಾದಾಗ ತಕರಾರೂ ಶುರುವಾಯಿತು. ಮೊದಲ ಐದಾರು ಮಂದಿಗೆ ಬಿಸಿ, ಏಳನೆಯವರಿಗೆ ಉಗುರುಬೆಚ್ಚಗೆ, ನನ್ನ ಪಾಳಿ ಬರುವ ಹೊತ್ತಿಗೆ ನೀರಿನಲ್ಲಿ ಮೀನು ಸಾಕಬಹುದಿತ್ತು. ಸರ್ವೆ ಇಲಾಖೆಯ ಶಾಂತರಾಜು ಒಂದು ದಿನ ಎರಡು ಸಲ ಸೀನಿದ. ಅಷ್ಟು ಸಾಕಾಯಿತು. ಸಂಜೆ ಹದಿನಾಲ್ಕು ಮನೆಯವರೂ ಅಂಗಳದಲ್ಲಿ ಸಭೆ ಸೇರಿ, ಮಾಲೀಕರಿಂದ ಪರಿಹಾರ ಕೇಳಿ ಗ್ರಾಹಕರ ವೇದಿಕೆಗೆ ದೂರು ಕೊಡುವುದೆಂದು ತೀರ್ಮಾನಿಸಿದರು. ಬರೆಯುವವರು ಯಾರು ಎಂಬ ಪ್ರಶ್ನೆಯೇ ಏಳಲಿಲ್ಲ. ನಾನಿದ್ದೆ.

ಒಂಬತ್ತು ಪುಟ ಬರೆದೆ. ಶಾಂತರಾಜುವಿನ ಎರಡು ಸೀನು ನನ್ನ ಕೈಯಲ್ಲಿ ನ್ಯುಮೋನಿಯಾ ಆಯಿತು. ಬಚ್ಚಲ ನೀರು ಹಿಮಾಲಯದಿಂದ ನೇರವಾಗಿ ಇಳಿಯಿತು. ಕಾರಣ ಕೊಡಬೇಕಿತ್ತಲ್ಲ, ಅದಕ್ಕೆ ಚಿಕ್ಕನಿಂಗಮ್ಮ ಸಿಕ್ಕರು. ನೀರು ಕಾಯಿಸುವ ಹೆಂಗಸು ಸೂರ್ಯ ನೆತ್ತಿಗೆ ಬಂದ ಮೇಲೆ ಏಳುತ್ತಾಳೆ ಎಂದು ಬರೆದೆ. ಒಲೆಯ ಮುಂದೆಯೇ ಗೊರಕೆ ಹೊಡೆಯುತ್ತಾಳೆ ಎಂದು ಬರೆದೆ. ಬಾಡಿಗೆದಾರರು ಸೌಜನ್ಯದಿಂದ ಹಂಡೆ ತುಂಬಿಸಲು ಹೋದರೆ ಅಡ್ಡ ನಿಂತು ತಡೆಯುತ್ತಾಳೆ ಎಂದೂ ಬರೆದೆ. ಸಭೆಯಲ್ಲಿ ಓದಿದಾಗ ಕೆಲವರು ಬೆನ್ನು ತಟ್ಟಿದರು. ಬಚ್ಚಲ ಬಾಗಿಲಲ್ಲಿ ಚಿಕ್ಕನಿಂಗಮ್ಮ ಬೂದಿಯ ಮಂಕರಿ ಹಿಡಿದು ನಿಂತಿದ್ದರು. ಅವರಿಗೂ ಪೂರ್ತಿ ಕೇಳಿಸಿತು.

ನೋಟಿಸು ಬಂದ ವಾರಕ್ಕೇ ಗುರುಪಾದಸ್ವಾಮಿಯವರು ರಾಜಿಗೆ ಬಂದರು. ಪರಿಹಾರವಾಗಿ ಪ್ರತಿ ಮನೆಗೂ ಒಂದು ತಿಂಗಳ ಬಾಡಿಗೆ ಬಿಟ್ಟರು. "ತಪ್ಪು ಯಾರದು ಅಂತ ನೀವೇ ಬರೆದುಕೊಟ್ಟಿದ್ದೀರಲ್ಲ" ಎಂದು ಚಿಕ್ಕನಿಂಗಮ್ಮನನ್ನು ಅವತ್ತೇ ಬಿಡಿಸಿದರು. ಕೆಲಸದ ಜೊತೆಗೆ ಆ ಬೆಚ್ಚನೆ ಗೋಡೆಯ ಕೋಣೆಯೂ ಹೋಯಿತು. ಆಕೆ ಒಂದು ಟ್ರಂಕು, ಒಂದು ಚಾಪೆ ಎತ್ತಿಕೊಂಡು ಹೊರಟಾಗ ನಾವು ಹದಿನಾಲ್ಕು ಮನೆಯವರು ಹದಿನಾಲ್ಕು ಬಾಗಿಲುಗಳ ಹಿಂದೆ ಇದ್ದೆವು. ಉಳಿದ ಬಾಡಿಗೆಯಲ್ಲಿ ನಾನು ಒಂದು ಕೈಗಡಿಯಾರ ಕೊಂಡೆ. ಈಗ ನಾಲ್ಕು ಗಂಟೆ ಎಂದು ಮೇಲೆ ಬರೆದದ್ದು ಅದನ್ನೇ ನೋಡಿ.

ಬೆಳಕು ಹರಿಯುತ್ತಿದೆ. ಲಾರಿಯವರು, ಊಟಿಗೆ ಹೊರಟವರು, ಮೊದಲ ಬಸ್ಸಿನ ಕಂಡಕ್ಟರುಗಳು, ಒಬ್ಬರ ಹಿಂದೊಬ್ಬರು ಬರುತ್ತಾರೆ. ಹಂಡೆ ಅರ್ಧಕ್ಕೆ ಇಳಿದ ಕೂಡಲೇ ಚಿಕ್ಕನಿಂಗಮ್ಮ ಮುಚ್ಚಳ ಹಾಕಿ, ಅದರ ಮೇಲೆ ಒಂದು ಇಟ್ಟಿಗೆ ಇಡುತ್ತಾರೆ. ಇಟ್ಟಿಗೆ ಇದ್ದರೆ ಯಾರೂ ಮುಟ್ಟುವಂತಿಲ್ಲ. ಮೊದಲು ಉರಿ ಎಬ್ಬಿಸುತ್ತಾರೆ. ಉರಿ ಎದ್ದ ಮೇಲೆ ಬಿಂದಿಗೆಯಿಂದ ತಣ್ಣೀರು, ಸ್ವಲ್ಪ ಸ್ವಲ್ಪವಾಗಿ. ಕಾಲು ಗಂಟೆ ಯಾರಿಗೂ ನೀರಿಲ್ಲ. ಜನ ಬೀಡಿ ಹಚ್ಚಿ ಕಾಯುತ್ತಾರೆ. ಮತ್ತೆ ಹಂಡೆ ಸದ್ದು ಮಾಡುತ್ತದೆ, ಇಟ್ಟಿಗೆ ಇಳಿಯುತ್ತದೆ. ಬೆಳಿಗ್ಗೆ ಒಂಬತ್ತರವರೆಗೆ ಇದೇ ಆಟ ಐದು ಸಲ.

"ದಿನಕ್ಕೆ ಎಷ್ಟು ಜನ ಸ್ನಾನ ಮಾಡ್ತಾರಮ್ಮ? ಐನೂರು ಅಂತ ಬರೀಲಾ?" ಎಂದು ಕೇಳುತ್ತೇನೆ. ಹುಟ್ಟುಗುಣ.

"ಅರವತ್ತು. ಶನ್ವಾರ ಎಪ್ಪತ್ತಾಯ್ತದ. ಅಷ್ಟೇ ಬರೀರಿ."

"ಇಟ್ಟಿಗೆ ಯಾಕೆ?"

ಆಕೆ ನನ್ನತ್ತ ತಿರುಗುತ್ತಾರೆ. ಸಿಟ್ಟಿಲ್ಲ. ಓದು ಬಾರದ ಮಗುವನ್ನು ನೋಡುವ ನೋಟ.

"ಅಲ್ ಸಾ, ವಠಾರದಲ್ಲೂ ಇದ್ನೇ ತಾನೇ ಏಳ್ತಿದ್ದದ್ದು? ಒಂದು ಬಕೀಟು ತಗೀತಿದ್ರಿ, ಒಂದು ಬಕೀಟು ತಣ್ಣೀರ ತಂದು ಸುರೀತಿದ್ರಿ. ಎಲ್ರೂವೇ. ಮುಂದಿನವ್ರ್ಗ ಇರ್ಲಿ ಅಂತ. ಮನೇಲಿ ನಾಕ್ ಜನ ಇದ್ರ ಅದು ಸರಿ. ಅಲ್ಲಿ ಅರವತ್ ಜನ. ಉರಿ ಯಾನ್ ಮಾಡಾತು? ಬ್ಯಾಡಿ ಬ್ಯಾಡಿ ಅಂತ ಅಡ್ಡ ನಿಂತ್ರ, ಸೌದ ಉಳುಸ್ತಾಳ, ಕಳ್ಳಿ, ಅಂದ್ರಿ."

ತೆಗೆದವನು ತುಂಬಿಸಬೇಕು. ನಮ್ಮ ಕಡೆ ನಡೆಯುವ ಮುಂಚೆ ಮಕ್ಕಳಿಗೆ ಇದನ್ನು ಕಲಿಸುತ್ತಾರೆ. ಖಾಲಿ ಹಂಡೆ ಬಿಟ್ಟು ಬಚ್ಚಲಿಂದ ಹೊರಬಂದವನಿಗೆ ಹೆಣ್ಣು ಕೊಡುವುದಕ್ಕೂ ಯೋಚಿಸುವ ಜನ ನಾವು. ಈ ವಿಷಯದಲ್ಲಿ ನನ್ನನ್ನು ಮೀರಿಸಿದ ಸಂಭಾವಿತ ವಠಾರದಲ್ಲಿರಲಿಲ್ಲ. ಒಂದು ತೆಗೆದರೆ ಎರಡು ಸುರಿಯುತ್ತಿದ್ದೆ, ಅದನ್ನು ನಾಲ್ಕು ಜನರಿಗೆ ಹೇಳುತ್ತಲೂ ಇದ್ದೆ. ನೀರು ತಣ್ಣಗಾದದ್ದು ಹೇಗೆಂಬುದು ನನ್ನ ಒಂಬತ್ತು ಪುಟಗಳಲ್ಲೇ ಇತ್ತು, ನನ್ನ ಅಕ್ಷರದಲ್ಲೇ. ಅದನ್ನು ಆಕೆಯ ತಪ್ಪುಗಳ ಪಟ್ಟಿಯಲ್ಲಿ ಸೇರಿಸಿದ್ದೆ.

"ಅವತ್ತು ಸಭೆಯಲ್ಲಿ ಯಾಕಮ್ಮ ಹೇಳಲಿಲ್ಲ?"

"ನನ್ನ ಯಾರ್ ಕೇಳುದ್ರು? ಗುರುಪಾದಸ್ವಾಮ್ಯೋರ್ಗ ಇನ್ನೊಂದು ಅಂಡೆ ಕೂರ್ಸಿ ಅಂತ ಎರಡು ದಪ ಏಳಿದ್ದೆ. ಅವ್ರೂ ಕೇಳ್ನಿಲ್ಲ. ನೀವು ಓದೋವಾಗ ಚೆಂದಾಗಿ ಓದ್ತಿದ್ರಿ. ನಡುಕ ಬಾಯಾಕಬಾರ್ದು ಅಂದ್ಕಂಡು ಸುಮ್ಕಾದೆ."

ಇಲ್ಲಿನ ಕೆಲಸದ ಬಗ್ಗೆ ಆಕೆಗೆ ದೂರಿಲ್ಲ. ಮೂರು ಹೊರೆ ಕಡ್ಡಿ, ಎರಡು ಕೊರಡು, ತೊಟ್ಟಿಯಿಂದ ಹಂಡೆಗೆ ನಲವತ್ತು ಬಿಂದಿಗೆ. ಮಲಗುವುದು ಅಡುಗೆಮನೆಯ ಮೂಲೆಯಲ್ಲಿ. ಹೊಗೆಗೆ ಎಡಗಣ್ಣು ಸದಾ ನೀರಾಡುತ್ತದೆ. ಭಾನುವಾರ ಮಧ್ಯಾಹ್ನದ ಬಸ್ಸಿಗೆ ಚಾಮರಾಜನಗರಕ್ಕೆ ಹೋಗಿ, ಸಂಜೆ ಬಸ್ಸಿಗೆ ವಾಪಸ್ಸು ಬರುತ್ತಾರೆ. ಅಲ್ಲಿ ಮಗಳು ಕುಮಾರಿಯ ಮನೆಯಿದೆ. ಕುಮಾರಿಗೆ ಈಗ ಏಳು ತಿಂಗಳು. ಮನೆಯಲ್ಲಿ ಹೆಂಗಸರು ಅಂತ ಬೇರೆ ಯಾರೂ ಇಲ್ಲ.

"ಅಲ್ಲೇ ಒಂದು ಕೆಲ್ಸ ಸಿಕ್ಕುದ್ರ ಬಾಣ್ತನಕ್ಕ ಜೊತೇಲಿರ್ತಿದ್ದೆ" ಎನ್ನುತ್ತಾರೆ ಚಿಕ್ಕನಿಂಗಮ್ಮ. ಕೆಲಸ ಇಲ್ಲದೆ ಏನಿಲ್ಲ. ಮಗಳ ಬೀದಿಯಲ್ಲೇ ಮಲ್ಲಾಜಮ್ಮ ಎಂಬುವರ ವಠಾರವಿದೆ, ಅವರಿಗೂ ನೀರು ಕಾಯಿಸುವವರು ಬೇಕಾಗಿದ್ದಾರೆ. ಆದರೆ ಅವರು ಗುರುಪಾದಸ್ವಾಮಿಯವರನ್ನು ವಿಚಾರಿಸಿದ್ದಾರೆ, ಗುರುಪಾದಸ್ವಾಮಿಯವರು ನನ್ನ ದೂರಿನ ನಕಲನ್ನು ತೋರಿಸಿದ್ದಾರೆ. ಗೊರಕೆಯ ಪುಟವನ್ನು ಮಲ್ಲಾಜಮ್ಮ ಎರಡು ಸಲ ಓದಿಸಿ ಕೇಳಿದರಂತೆ.

"'ಬಾಯಲ್ಲಿ ನೀ ಯಾನಾರಾ ಏಳವ್ವ, ಇಲ್ಲಿ ಬರ್ದದಲ್ಲ. ಬರ್ದದ್ದು ಸುಳ್ಳು ಅಂತ ಬರ್ಸ್ಕಂಡು ಬಾ' ಅಂದ್ರು. ನಾ ಯಾರ್ ತಾವ ಬರ್ಸ್ಲಿ?"

ಇಟ್ಟಿಗೆ ಇಳಿಸುತ್ತಾರೆ. ಕೊನೆಯ ಗಿರಾಕಿಗೆ ಕೊಡಬೇಕಾದ ಬಕೆಟ್ಟನ್ನು ನನ್ನ ಮುಂದೆ ಇಡುತ್ತಾರೆ. "ಚಳೀಲಿ ಬಂದಿದ್ದೀರಿ. ನೀರುಯ್ಕಳಿ." ಹಬೆ ಏಳುತ್ತಿದೆ. ಚಾಮರಾಜನಗರದ ಆ ಚಳಿಯಲ್ಲಿ ಆಕೆಯ ಹಂಡೆಯಲ್ಲಿ ಸಿಗದ ನೀರು. ನಾನು ಮುಟ್ಟಲಾರೆ. ಜೇಬಿನಿಂದ ಪುಸ್ತಕ ತೆಗೆದು, ಒಲೆಯ ಮುಂದೆ ಆಕೆಯಷ್ಟೇ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು ಬರೆಯುತ್ತೇನೆ. ಒಂಬತ್ತು ಪುಟ ಬೇಕಾಗುವುದಿಲ್ಲ. ಬರೆದದ್ದನ್ನು ಓದಿ ಹೇಳುತ್ತೇನೆ:

"ಗುರುಪಾದಸ್ವಾಮಿಯವರ ವಠಾರದಲ್ಲಿ ನೀರು ತಣ್ಣಗಾದದ್ದು ಬಾಡಿಗೆದಾರರಾದ ನಾವು ಹಂಡೆಗೆ ಸುರಿದ ತಣ್ಣೀರಿನಿಂದ. ಚಿಕ್ಕನಿಂಗಮ್ಮ ಬೇಡವೆಂದರೂ ಕೇಳದೆ ಸುರಿದೆವು. ದೂರು ಬರೆದವನು ನಾನು. ಅದರಲ್ಲಿ ಆಕೆಯ ಬಗ್ಗೆ ಬರೆದದ್ದು ಸುಳ್ಳು. ಆಕೆ ದಿನಾ ಬೆಳಗಿನ ಜಾವ ಮೂರು ಗಂಟೆಗೆ ಎದ್ದು ಉರಿ ಹಾಕುತ್ತಿದ್ದರು. ಹನ್ನೊಂದು ವರ್ಷದಲ್ಲಿ ಒಂದು ದಿನವೂ ತಡವಾಗಿ ಎದ್ದವರಲ್ಲ."

ಚಿಕ್ಕನಿಂಗಮ್ಮ ಸೆರಗಿನಲ್ಲಿ ಎಡಗಣ್ಣು ಒರೆಸಿಕೊಳ್ಳುತ್ತಾರೆ. ಹೊಗೆಯೇ ಇರಬೇಕು.

"ಮೂರು ಅಲ್ಲ, ಮೂರೂವರೆ."

ತಿದ್ದುತ್ತೇನೆ.

"ಒಂದಿನವೂ ಅಂತ ಬ್ಯಾಡಿ. ಒಂದಿನ ಮಲ್ಗ್ಬುಟ್ಟಿದ್ದೆ. ಕುಮಾರಿ ಮದುವ ಆದ ಮಾರ್ನೇ ದಿನ. ಎದ್ದಾಗ ಆರು ಗಂಟ ಆಗಿತ್ತು. ಅದ್ನೂ ಬರೀರಿ. ಆಮೇಲ ಮಲ್ಲಾಜಮ್ಮೋರ್ಗ ಕೊಡಿ."